ಅಕ್ಕಪಕ್ಕದ ಮನೆಯವ್ರ ಜೊತೆ ಕೂತು ಚಿತ್ರ ಬಿಡ್ಸೋದು ಹೇಗೆ

ಮೊದ್ಲೇ ಹೇಳ್ಬಿಡ್ತೀನಿ, ಚಿತ್ರ ಚೆನ್ನಾಗಿ ಬರ್ಬೇಕು ಅನ್ನೋ ಆಸೆ ಬಿಟ್ಬಿಡಿ, ಇದು ಒಬ್ರಿಗೊಬ್ರು ಪರಿಚಯ ಆಗೋಕೆ. ಎಂಟ್ಹತ್ತು ಜನ ಸಾಕು, ಜಾಸ್ತಿ ಆದ್ರೆ ಗೊತ್ತಿರೋರ ಜೊತೇನೇ ಮಾತಾಡ್ಕೊಂಡು ಕೂತ್ಬಿಡ್ತಾರೆ. ಪೇಪರ್, ಸ್ಕೆಚ್ ಪೆನ್ನು ಅಷ್ಟೇ. ಪೆನ್ಸಿಲ್, ರಬ್ಬರ್ ಬೇಡ್ವೇ ಬೇಡ, ಇದ್ರೆ ಅಳಿಸ್ತಾನೇ ಇರ್ತಾರೆ.

ಅಷ್ಟಾಗಿ ಪರಿಚಯ ಇಲ್ದಿರೋ ಇಬ್ಬಿಬ್ರನ್ನ ಎದುರುಬದುರು ಕೂರ್ಸಿ. 2 ನಿಮಿಷ ಎದುರಿಗಿರೋರ ಮುಖ ಮಾತ್ರ ನೋಡ್ತಾ ಅದನ್ನೇ ಬಿಡ್ಸ್ಬೇಕು, ಪೇಪರ್ ನೋಡಂಗಿಲ್ಲ, ಪೆನ್ನನ್ನ ಪೇಪರ್ ಮೇಲಿಂದ ಎತ್ತಂಗೂ ಇಲ್ಲ, ಕಣ್ಣು ಹೋದ ಕಡೆ ಕೈ ಹೋಗ್ತಿರ್ಬೇಕು. ಮೂಗು ಕಿವಿ ಹತ್ರ ಬಂದಿರುತ್ತೆ, ಒಂದು ಕಣ್ಣು ಗಲ್ಲದ ಮೇಲೆ, ಅದನ್ನ ನೋಡಿ ಎಲ್ರೂ ನಕ್ಕಾಗ ಬಿಗುಮಾನ ಅರ್ಧ ಇಳ್ದಂಗೇ. ಮುಜುಗರ ಅನ್ನೋರು ಮುಖದ ಬದ್ಲು ಕೈ ಬಿಡ್ಸ್ಲಿ, ಬಲವಂತ ಬೇಡ.

ಆಮೇಲೆ ದೊಡ್ಡ ಹಾಳೆ ನೆಲಕ್ಕೆ ಹಾಸಿ, ತಮ್ಮನೆ ಕಿಟಕಿಯಿಂದ ಕಾಣೋದನ್ನ ಒಬ್ಬೊಬ್ರು ಒಂದೊಂದು ಕಡೆ ಬಿಡ್ಸ್ಲಿ, 10 ನಿಮಿಷ ಆದ್ಮೇಲೆ ಪಕ್ಕದೋರ ಜಾಗಕ್ಕೆ ಸರ್ಕೊಂಡು ಅವ್ರ ಚಿತ್ರ ಮುಂದುವರಿಸ್ಲಿ. ಗೀಚೋ ಮುಂಚೆ "ಇಲ್ಲಿ ಏನ್ ಸೇರಿಸ್ಲಿ?" ಅಂತ ಕೇಳ್ಲೇಬೇಕು, ಈ ರೂಲ್ ಮಾತ್ರ ಸಡ್ಲ ಮಾಡ್ಬೇಡಿ, ನಿಜವಾದ ಮಾತು ಶುರುವಾಗೋದೇ ಇಲ್ಲಿಂದ. ಮಾರ್ಕ್ಸ್ ಕೊಡೋಕೆ ಹೋಗ್ಬೇಡಿ, "ಇದೇನಿದು, ಹೇಳಿ" ಅಂದ್ರೆ ಸಾಕು. ಮುಗಿದ ಹಾಳೇನ ಎಲ್ರೂ ಓಡಾಡೋ ಕಡೆ ಗೋಡೆಗೆ ಅಂಟ್ಸಿ.