ಕಡಪ ಕಲ್ಲಿನ ಅಡುಗೆಕಟ್ಟೆಗೆ ಎಪಾಕ್ಸಿ ಹಾಕಿದ ನನ್ನ ಅನುಭವ

ದಾವಣಗೆರೆಯ ವಿನೋಬನಗರದ ನಮ್ಮ ಹಳೆಯ ಮನೆಯಲ್ಲಿ ಅಡುಗೆಕಟ್ಟೆಗೆ ಹಾಸಿದ್ದ ಕಡಪ ಕಲ್ಲು ಗಟ್ಟಿಯಾಗಿಯೇ ಇತ್ತು. ಆದರೆ ಅದು ಸುಣ್ಣದ ಅಂಶವುಳ್ಳ ಕಲ್ಲಾದ್ದರಿಂದ ಹುಣಸೆ ಹುಳಿ, ನಿಂಬೆರಸ ಬಿದ್ದಲ್ಲೆಲ್ಲ ಬಿಳಿಚಿಕೊಂಡಿತ್ತು. ಕಲ್ಲು ಕೀಳಿಸುವ ಬದಲು ಅದರ ಮೇಲೆಯೇ ಎಪಾಕ್ಸಿ, ಅಂದರೆ ರಾಳಕ್ಕೆ ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ಕಲಸಿದ ಲೇಪ, ಹಾಕಲು ನಿರ್ಧರಿಸಿದೆ.

ನಮ್ಮೂರಿನ ಏಪ್ರಿಲ್ ಸೆಖೆಯಲ್ಲಿ ಮಿಶ್ರಣವು ಬಕೆಟ್ಟಿನಲ್ಲಿಯೇ ಕಾದು ಗಟ್ಟಿಯಾಗಿಬಿಡುತ್ತದೆ, ಮಳೆಗಾಲದ ತೇವದಲ್ಲಿ ಮೇಲ್ಮೈ ಮಂಕಾಗುತ್ತದೆ. ಆದ್ದರಿಂದ ಜನವರಿಯವರೆಗೆ ಕಾದೆ. ಗ್ಯಾಸ್ ಸಿಲಿಂಡರನ್ನು ಹಿತ್ತಲಿಗೆ ಸಾಗಿಸಿ, ಕಿಟಕಿಗಳನ್ನು ತೆರೆದು, ಕಲ್ಲನ್ನು ಸೋಪಿನಿಂದ ತೊಳೆದು ಒಣಗಿಸಿ, 80ನೇ ನಂಬರಿನ ಉಪ್ಪುಕಾಗದದಿಂದ ಉಜ್ಜಿ, ಜಿಡ್ಡು ತೆಗೆಯುವ, ಬೇಗ ಹೊತ್ತಿಕೊಳ್ಳುವ ದ್ರವವಾದ ಅಸಿಟೋನಿನಿಂದ ಒರೆಸಿದೆ.

ಮೊದಲ ಪದರವನ್ನು ಬ್ರಷ್ಷಿನಿಂದ ತೆಳ್ಳಗೆ ಬಳಿದೆ. ಕಲ್ಲಿನ ಸಣ್ಣ ರಂಧ್ರಗಳು ಮುಚ್ಚದಿದ್ದರೆ ಒಳಗಿನ ಗಾಳಿ ಮೇಲಿನ ದಪ್ಪ ಪದರದಲ್ಲಿ ಗುಳ್ಳೆಯಾಗಿ ಏಳುತ್ತದೆ. ಮರುದಿನ ಬೆಳಿಗ್ಗೆ ನೋಡಿದರೆ ಒಲೆಯ ಪಕ್ಕದಲ್ಲಿ ಮಾತ್ರ ಕಡಲೆಕಾಳಿನಷ್ಟು ಅಗಲದ ಹತ್ತಾರು ಗುಳಿಗಳಿದ್ದವು. ಎಪಾಕ್ಸಿ ಸುತ್ತ ಸರಿದು ನಡುವೆ ಕಪ್ಪು ಕಲ್ಲು ಕಾಣುತ್ತಿತ್ತು. ಅವ್ವ ವರ್ಷಾನುಗಟ್ಟಲೆ ಎಣ್ಣೆ ಡಬ್ಬಿ ಇಡುತ್ತಿದ್ದ ಜಾಗವದು. ಒಮ್ಮೆ ಒರೆಸಿದರೆ ಹೋಗುವ ಜಿಡ್ಡಲ್ಲ. ಅಷ್ಟು ಭಾಗವನ್ನು ಕಲ್ಲಿನವರೆಗೂ ಉಜ್ಜಿ, ಬಟ್ಟೆಗೆ ಹಳದಿ ಅಂಟದಂತಾಗುವವರೆಗೆ ಅಸಿಟೋನಿನಿಂದ ಒರೆಸಿ, ಮತ್ತೊಮ್ಮೆ ಬಳಿದೆ. ಇದರಲ್ಲಿ 24 ಗಂಟೆ ಮೀರಿತು. ಮೊದಲ ಪದರ ಇನ್ನೂ ಅಂಟಂಟಾಗಿರುವಾಗಲೇ ಮುಂದಿನದನ್ನು ಸುರಿದರೆ ಎರಡೂ ತಾವಾಗಿಯೇ ಬೆಸೆಯುತ್ತವೆ. ಆ ಹೊತ್ತು ತಪ್ಪಿದ್ದರಿಂದ ಇಡೀ ಕಟ್ಟೆಯನ್ನು 220ನೇ ನಂಬರಿನ ಕಾಗದದಿಂದ ಮಂಕಾಗುವಂತೆ ಉಜ್ಜಬೇಕಾಯಿತು.

8 ಅಡಿ ಉದ್ದ, 2 ಅಡಿ ಅಗಲಕ್ಕೆ 2 ಮಿಲಿಮೀಟರ್ ದಪ್ಪದ ಪದರವೆಂದರೆ ಸುಮಾರು 3 ಲೀಟರ್ ಬೇಕು. ಡಬ್ಬಿಯ ಮೇಲೆ ಬರೆದಿದ್ದಂತೆ ರಾಳ ಎರಡು ಪಾಲು, ಹಾರ್ಡನರ್ ಒಂದು ಪಾಲು ಅಳೆದೆ. ಈ ಪಾಲು ಅಳತೆಯ ಲೆಕ್ಕದ್ದೇ ಹೊರತು ತೂಕದ್ದಲ್ಲ. ಬಕೆಟ್ಟಿನ ಅಂಚು, ತಳವನ್ನು ಕೆರೆಯುತ್ತ ಕಲಸಿ, ಇನ್ನೊಂದು ಬಕೆಟ್ಟಿಗೆ ಸುರಿದುಕೊಂಡು ಮತ್ತೆ ಕಲಸಿದೆ, ಏಕೆಂದರೆ ಅಂಚಿನಲ್ಲಿ ಕಲಸದೆ ಉಳಿದದ್ದು ಎಂದಿಗೂ ಗಟ್ಟಿಯಾಗುವುದಿಲ್ಲ. ತಡಮಾಡದೆ ಕಟ್ಟೆಯ ಮೇಲೆ ಸುರಿದು, ಹಲ್ಲಿನ ಕರಣೆಯಿಂದ ಹರಡಿ, ಎದ್ದ ಗುಳ್ಳೆಗಳ ಮೇಲೆ ಹೀಟ್ ಗನ್ ಆಡಿಸಿದೆ. ಫ್ಯಾನ್ ನಿಲ್ಲಿಸಿ, ರಸ್ತೆಯ ಧೂಳು ಕೂರದಂತೆ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿದೆ.

ಒಂದು ವಾರ ಒಲೆಯನ್ನು ಪಡಸಾಲೆಯಲ್ಲೇ ಇಟ್ಟುಕೊಂಡೆವು. ಬಿಸಿ ಪಾತ್ರೆಯನ್ನು ನೇರವಾಗಿ ಇಟ್ಟರೆ ಎಪಾಕ್ಸಿ ಮೆತ್ತಗಾಗಿ ಗುರುತು ಬೀಳುವುದರಿಂದ ಈಗ ರೊಟ್ಟಿ ಹಂಚಿಗೆ ಮರದ ಮಣೆಯಿದೆ.

"ರೊಟ್ಟಿ ಬಡಿಯೋ ಜಾಗಕ್ಕೆ ಮಾತ್ರ ಏನೂ ಹಚ್ಚಬೇಡಪ್ಪ" ಎಂದು ಅವ್ವ ಮೊದಲೇ ಹೇಳಿದ್ದರು. ಎಪಾಕ್ಸಿ ಅಂಟದ ಪ್ಯಾಕಿಂಗ್ ಟೇಪ್ ಸುತ್ತಿದ ಮರದ ಪಟ್ಟಿಯನ್ನು ಅಡ್ಡ ಕಟ್ಟಿ, ಕಟ್ಟೆಯ ಕೊನೆಯ 2 ಅಡಿ ಕಲ್ಲನ್ನು ಇದ್ದ ಹಾಗೆಯೇ ಉಳಿಸಿದ್ದೇನೆ.