ಕಾರು ಎರಡು ಸಲ ಒಳಗೆ ಹೋಗಿತ್ತು: ಇಂಗ್ಲೆಂಡಿನ ಪಾರ್ಕಿಂಗ್ ನೋಟಿಸಿನ ಜೊತೆ ನನ್ನ ಅನುಭವ

2023ರ ದೀಪಾವಳಿ ಮುಗಿದು ಇನ್ನೂ ವಾರವಾಗಿರಲಿಲ್ಲ. ಸೋಮವಾರ ಸಂಜೆ ಕೆಲಸ ಮುಗಿಸಿ ಬಂದು ಬಾಗಿಲು ತೆಗೆದರೆ ಕಾಲ ಬಳಿ ಒಂದು ಬಿಳಿ ಲಕೋಟೆ ಬಿದ್ದಿತ್ತು. ಒಳಗೆ ನಮ್ಮ ಕಾರಿನ ಎರಡು ಫೋಟೊ. ಒಂದರಲ್ಲಿ ಮುಂಭಾಗ, 11ನೇ ತಾರೀಖು ಬೆಳಿಗ್ಗೆ 10:06. ಇನ್ನೊಂದರಲ್ಲಿ ಹಿಂಭಾಗ, ಅದೇ ದಿನ ಮಧ್ಯಾಹ್ನ 2:19. ಕೆಳಗೆ ದಪ್ಪ ಅಕ್ಷರದಲ್ಲಿ: ನಿಲ್ಲಿಸಿದ ಅವಧಿ 4 ಗಂಟೆ 13 ನಿಮಿಷ, ಉಚಿತ ಮಿತಿ 3 ಗಂಟೆ, ಕಟ್ಟಬೇಕಾದದ್ದು 100 ಪೌಂಡ್, 14 ದಿನದೊಳಗೆ ಕಟ್ಟಿದರೆ 60.

ನಾವಿರುವುದು ರೆಡಿಂಗ್‌ನಲ್ಲಿ. ಊರಿನ ಅಂಚಿನ ಆ ಶಾಪಿಂಗ್ ಪಾರ್ಕಿಗೆ ಹೋಗದ ವಾರವೇ ಇಲ್ಲ. ಇವರು ಕಾಗದ ಓದಿ ಮೇಜಿನ ಮೇಲಿಟ್ಟು, “ಕಟ್ಟಿಬಿಡೋಣ ಕಣೆ, ಮುಂದಿನ ವರ್ಷ ಐಎಲ್‌ಆರ್ ಅರ್ಜಿ ಹಾಕ್ಬೇಕು, ಈಗ ಇದೆಲ್ಲ ಯಾಕೆ ಮೈಮೇಲೆ ಎಳ್ಕೊಳ್ಳೋದು?” ಅಂದರು. ಐಎಲ್‌ಆರ್ ಎಂದರೆ ಇಲ್ಲಿ ಕಾಯಂ ಆಗಿ ನೆಲೆಸಲು ಪಡೆಯುವ ಅನುಮತಿ. ವೀಸಾದ ಮೇಲಿರುವ ನಮ್ಮಂಥವರ ಮನೆಗಳಲ್ಲಿ ಈ ಮಾತು ಎಷ್ಟು ಸಲ ಬರುತ್ತದೋ! ಅರವತ್ತು ಪೌಂಡ್ ಎಂದರೆ ಊರಿನ ಲೆಕ್ಕದಲ್ಲಿ ಆರು ಸಾವಿರ ರೂಪಾಯಿಗೂ ಹೆಚ್ಚು. ಆದರೂ ಭಯಕ್ಕೆ ಕಟ್ಟಿಬಿಡುತ್ತೇವೆ.

“ತಪ್ಪು ಮಾಡಿದ್ರೆ ಕಟ್ಟೋಣ ರೀ. ನಾವು ನಾಲ್ಕು ಗಂಟೆ ಎಲ್ಲಿದ್ವಿ ಅಲ್ಲಿ?” ಅಂದೆ.

ಆವತ್ತಿನ ದಿನ ಚೆನ್ನಾಗಿ ನೆನಪಿತ್ತು. ನರಕ ಚತುರ್ದಶಿಯ ಹಿಂದಿನ ದಿನ, ಶನಿವಾರ. ಬೆಳಿಗ್ಗೆ ಹೋಗಿ ಎಣ್ಣೆ, ಮೈದಾ, ಒಂದು ದೀಪದ ಸರ ತಂದೆವು. ಅಲ್ಲಿಂದ ಮಗಳನ್ನು ಕನ್ನಡ ತರಗತಿಗೆ ಕರೆದುಕೊಂಡು ಹೋದೆವು. ತರಗತಿ ಮುಗಿಯುವಷ್ಟರಲ್ಲಿ ದೀಪದ ಸರದಲ್ಲಿ ಅರ್ಧ ಬಲ್ಬು ಹತ್ತುತ್ತಿಲ್ಲ ಎಂದು ಗೊತ್ತಾಯಿತು. ಬದಲಾಯಿಸಿಕೊಳ್ಳಲು ಮತ್ತೆ ಅಲ್ಲಿಗೇ ಹೋದೆವು. ಎರಡು ಭೇಟಿ, ಎರಡೂ ಮುಕ್ಕಾಲು ಗಂಟೆಯ ಆಚೀಚೆ. ಕ್ಯಾಮೆರಾ ಮೊದಲ ಸಲ ಒಳಬಂದದ್ದನ್ನೂ ಎರಡನೇ ಸಲ ಹೊರಹೋದದ್ದನ್ನೂ ಜೋಡಿಸಿ ಒಂದೇ ಭೇಟಿ ಮಾಡಿಬಿಟ್ಟಿತ್ತು. ಈ ಎಎನ್‌ಪಿಆರ್ ಕ್ಯಾಮೆರಾಗಳು ನೋಡುವುದು ಗೇಟಿನಲ್ಲಿ ನಂಬರ್ ಪ್ಲೇಟನ್ನು ಮಾತ್ರ. ಹಿಂದೆ ಅಂಟಿಕೊಂಡು ಬರುವ ವ್ಯಾನು, ಮಳೆ, ಎದುರು ಬಿಸಿಲು, ಯಾವುದರಿಂದಲಾದರೂ ಒಂದು ಸಲ ಪ್ಲೇಟು ಓದಲಾಗದಿದ್ದರೆ ನಡುವಿನ ಹೋಗಿ ಬಂದದ್ದು ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ. ಇಲ್ಲಿನವರು ಇದಕ್ಕೆ ‘ಡಬಲ್ ಡಿಪ್’ ಅನ್ನುತ್ತಾರೆ.

ಆ ರಾತ್ರಿ ಕೂತು ಕಾಗದವನ್ನು ಸಾಲು ಸಾಲಾಗಿ ಓದಿದೆ. ಅದರ ತಲೆಯ ಮೇಲೆ ಇದ್ದದ್ದು ‘ಪಾರ್ಕಿಂಗ್ ಚಾರ್ಜ್ ನೋಟಿಸ್’. ನಗರಸಭೆಯವರು ಕೊಡುವುದು ‘ಪೆನಾಲ್ಟಿ ಚಾರ್ಜ್ ನೋಟಿಸ್’. ಎರಡನ್ನೂ ಪಿಸಿಎನ್ ಎಂದೇ ಕರೆಯುತ್ತಾರೆ, ಗೊಂದಲ ಅಲ್ಲಿಂದಲೇ ಶುರು. ಕೌನ್ಸಿಲ್ ಕೊಟ್ಟದ್ದು ನಿಜವಾದ ದಂಡ, ಅದರ ಹಿಂದೆ ಸರ್ಕಾರದ ಅಧಿಕಾರವಿದೆ. ಖಾಸಗಿ ಕಂಪನಿಯದ್ದು ದಂಡವಲ್ಲ. ಜಾಗಕ್ಕೆ ಬರುವಾಗ ಬೋರ್ಡಿನಲ್ಲಿದ್ದ ಷರತ್ತಿಗೆ ನೀನು ಒಪ್ಪಿದೆ, ಆ ಕರಾರು ಮುರಿದೆ, ಅದಕ್ಕೆ ಇಷ್ಟು ಹಣ ಕೊಡು ಎಂಬ ಬೇಡಿಕೆ ಅದು. ಅಪರಾಧವಲ್ಲ, ಪೊಲೀಸರಿಗೆ ಸಂಬಂಧವಿಲ್ಲ, ಲೈಸೆನ್ಸಿಗೆ ಪಾಯಿಂಟ್ ಬೀಳುವುದಿಲ್ಲ. ಐಎಲ್‌ಆರ್ ಅರ್ಜಿಯಲ್ಲಿ ಕೇಳುವುದು ಅಪರಾಧ, ಕೋರ್ಟಿನ ತೀರ್ಪು ಇಂಥವುಗಳ ಬಗ್ಗೆ, ಇಂಥ ನೋಟಿಸಿನ ಬಗ್ಗೆ ಅಲ್ಲ. ಇದನ್ನು ಇವರಿಗೆ ತೋರಿಸಿದ ಮೇಲೆ ಮನೆಯಲ್ಲಿ ಉಸಿರು ಸ್ವಲ್ಪ ಸರಾಗವಾಯಿತು.

ಆದರೆ ದಂಡವಲ್ಲ ಎಂದು ಹರಿದು ಕಸದ ಬುಟ್ಟಿಗೆ ಹಾಕುವ ಕಾಲವೂ ಹೋಗಿದೆ. ‘ಅವರು ಏನೂ ಮಾಡಲ್ಲ, ಬಿಸಾಕಿ’ ಎನ್ನುವ ಹಳಬರ ಸಲಹೆ 2012ಕ್ಕಿಂತ ಹಿಂದಿನದು. ಆ ವರ್ಷದ ‘ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್’ ಕಾಯಿದೆ ಖಾಸಗಿ ಜಾಗದಲ್ಲಿ ಚಕ್ರಕ್ಕೆ ಬೀಗ ಹಾಕುವುದನ್ನು ನಿಲ್ಲಿಸಿತು. ಅದಕ್ಕೆ ಬದಲಾಗಿ, ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ, ಓಡಿಸಿದವರು ಯಾರೆಂದು ತಿಳಿಯದಿದ್ದರೆ ಕಾರಿನ ನೋಂದಾಯಿತ ಕೀಪರ್, ಅಂದರೆ ಕಾರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರ ಹತ್ತಿರವೇ ಹಣ ಕೇಳಬಹುದು ಎಂದಿತು. ಆದರೆ ಕಂಪನಿ ಅದಕ್ಕೆ ಅದರ 4ನೇ ಷೆಡ್ಯೂಲಿನ ನಿಯಮಗಳನ್ನು ಚಾಚೂತಪ್ಪದೆ ಪಾಲಿಸಿರಬೇಕು. ಮುಖ್ಯವಾದದ್ದು ದಿನದ ಲೆಕ್ಕ. ಗಾಜಿನ ಮೇಲೆ ಚೀಟಿ ಅಂಟಿಸದೆ ಕ್ಯಾಮೆರಾ ನೋಡಿ ಕಳಿಸುವ ನೋಟಿಸು, ಘಟನೆಯ ಮರುದಿನದಿಂದ 14 ದಿನದೊಳಗೆ ಕೀಪರ್ ಕೈ ಸೇರಬೇಕು. ಅಂಚೆಗೆ ಹಾಕಿದ ಎರಡನೇ ಕೆಲಸದ ದಿನ ತಲುಪಿತು ಎಂದು ಕಾನೂನು ಭಾವಿಸುತ್ತದೆ. ನಮ್ಮದು ಒಂಬತ್ತನೇ ದಿನಕ್ಕೇ ಬಂದಿತ್ತು. ಆ ದಾರಿ ನಮಗೆ ಮುಚ್ಚಿತ್ತು.

ಹಾಗಾಗಿ ಸಾಕ್ಷಿ ಹುಡುಕಲು ಕೂತೆ. ಅಡುಗೆಮನೆಯ ಡ್ರಾಯರಿನಲ್ಲಿ ಸೂಪರ್‌ಮಾರ್ಕೆಟಿನ ರಸೀದಿ ಸಿಕ್ಕಿತು, 10:44. ದೀಪದ ಸರ ಬದಲಾಯಿಸಿದ ರಸೀದಿ ಇವರ ಕೋಟಿನ ಜೇಬಿನಲ್ಲಿತ್ತು, ಮಧ್ಯಾಹ್ನ 2:08. ಈ ಎರಡೇ ಸಾಕಾಗುವುದಿಲ್ಲ. ಕಂಪನಿಯವರು ‘ಅಷ್ಟು ಹೊತ್ತೂ ಅಲ್ಲೇ ಇದ್ದಿರಿ’ ಅನ್ನಬಹುದು. ಬೇಕಾದದ್ದು ನಡುವೆ ಕಾರು ಬೇರೆಲ್ಲೋ ಇತ್ತು ಎಂಬುದಕ್ಕೆ ಪುರಾವೆ. ಕನ್ನಡ ತರಗತಿಯಲ್ಲಿ ಮಗಳು ಬಣ್ಣದ ಕಾಗದದ ರಂಗೋಲಿ ಹಿಡಿದು ನಿಂತ ಫೋಟೊ ನನ್ನ ಫೋನಿನಲ್ಲಿತ್ತು, 11:58. ಆದರೆ ಅದು ನಾವೆಲ್ಲಿದ್ದೆವು ಎನ್ನುತ್ತದೆಯೇ ಹೊರತು ಕಾರೆಲ್ಲಿತ್ತು ಎನ್ನುವುದಿಲ್ಲ. ಕೊನೆಗೆ ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಒಂದು ಸಾಲು ಕಂಡಿತು: ತರಗತಿ ಮುಗಿಸಿ ಬರುವಾಗ ದಾರಿಯಲ್ಲಿ ಪೆಟ್ರೋಲ್ ಹಾಕಿಸಿದ್ದೆವು. ಬಂಕಿಗೆ ಹೋಗಿ ಕೇಳಿದೆ. ಕೌಂಟರಿನ ಹುಡುಗ ಕಾರ್ಡಿನ ಕೊನೆಯ ನಾಲ್ಕು ಅಂಕಿ ನೋಡಿ ರಸೀದಿಯ ನಕಲು ತೆಗೆದುಕೊಟ್ಟ. ಪಂಪ್ ನಂಬರ್ 3, ಸಮಯ 13:02. ಆ ಚೀಟಿ ಕೈಗೆ ಬಂದಾಗ ಆದ ಸಮಾಧಾನ ಇವತ್ತಿಗೂ ನೆನಪಿದೆ.

ಅದೇ ವಾರ ಇನ್ನೊಂದು ಕೆಲಸ ಮಾಡಿದೆ. ಎಲ್ಲರಿಗೂ ಇದನ್ನು ಒತ್ತಿ ಹೇಳುತ್ತೇನೆ. ಕಂಪನಿಯ ಬಳಿ ನಮ್ಮ ಬಗ್ಗೆ ಇರುವ ಎಲ್ಲ ದತ್ತಾಂಶವನ್ನೂ ಕೇಳುವ ಹಕ್ಕು ನಮಗಿದೆ. ಅದಕ್ಕೆ ‘ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್’ ಎನ್ನುತ್ತಾರೆ. ಕಾಸು ಕೊಡಬೇಕಿಲ್ಲ, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಅವರು ಉತ್ತರ ಕೊಡಲೇಬೇಕು. ಅವರ ಡೇಟಾ ಪ್ರೊಟೆಕ್ಷನ್ ಅಧಿಕಾರಿಯ ಇಮೇಲಿಗೆ ನಾಲ್ಕೇ ಸಾಲು ಬರೆದೆ: 11 ನವೆಂಬರ್ 2023ರಂದು ಬೆಳಿಗ್ಗೆಯಿಂದ ಸಂಜೆವರೆಗೆ ಈ ನಂಬರಿನ ಕಾರಿನದೆಂದು ನಿಮ್ಮ ಕ್ಯಾಮೆರಾಗಳು ದಾಖಲಿಸಿದ ಪ್ರತಿ ಚಿತ್ರವನ್ನೂ, ನೋಟಿಸಿನಲ್ಲಿ ಬಳಸದೇ ಬಿಟ್ಟ ಚಿತ್ರಗಳೂ ಸೇರಿದಂತೆ, ಕಳಿಸಿಕೊಡಿ.

ಜೊತೆಗೇ ಕಂಪನಿಗೆ ಮೇಲ್ಮನವಿ ಹಾಕಿದೆ, ಕೀಪರ್ ಎಂಬ ನೆಲೆಯಲ್ಲಿ. ಓಡಿಸಿದವರು ಯಾರೆಂದು ಖಾಸಗಿ ಕಂಪನಿಗೆ ಹೇಳಲೇಬೇಕೆಂಬ ಕಾನೂನಿಲ್ಲ. ಅದಕ್ಕೆ ‘ನಾನು ನಿಲ್ಲಿಸಿದೆ, ನಾನು ಹೊರಟೆ’ ಎಂದು ಬರೆಯದೆ ‘ಕಾರು ಒಳಬಂತು, ಕಾರು ಹೊರಹೋಯಿತು’ ಎಂದೇ ಬರೆದೆ. ಸುಳ್ಳು ಒಂದಕ್ಷರವೂ ಇರಲಿಲ್ಲ. ಕೋಪದ ಮಾತೂ ಬರೆಯಲಿಲ್ಲ. ಹಬ್ಬದ ದಿನ, ಪುಟ್ಟ ಮಗು ಎಂಬ ಕತೆಗೆ ಅಲ್ಲಿ ಬೆಲೆಯಿಲ್ಲ. ಸಮಯ, ಸ್ಥಳ, ರಸೀದಿ, ಇಷ್ಟೇ.

ಡಿಸೆಂಬರ್ ಮೊದಲ ವಾರ ತಿರಸ್ಕಾರದ ಪತ್ರ ಬಂತು. ನನ್ನ ಪೆಟ್ರೋಲ್ ರಸೀದಿಯ ಬಗ್ಗೆ ಒಂದು ಮಾತೂ ಇಲ್ಲ. ಅದರ ಬದಲು ಬೀವಿಸ್ ಪ್ರಕರಣದ ಉಲ್ಲೇಖವಿತ್ತು. ಅದನ್ನು ನೋಡಿ ಹೆದರುವವರೇ ಹೆಚ್ಚು, ಹಾಗಾಗಿ ಅದೇನೆಂದು ಹೇಳುತ್ತೇನೆ. ಚೆಲ್ಮ್ಸ್‌ಫರ್ಡ್‌ನ ರಿವರ್‌ಸೈಡ್ ರೀಟೇಲ್ ಪಾರ್ಕಿನಲ್ಲಿ 2 ಗಂಟೆ ಉಚಿತ. ಬ್ಯಾರಿ ಬೀವಿಸ್ ಎಂಬವರು 56 ನಿಮಿಷ ಹೆಚ್ಚು ನಿಲ್ಲಿಸಿದ್ದರು. ಕೇಳಿದ್ದು 85 ಪೌಂಡ್. 2015ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅವರ ವಿರುದ್ಧ ತೀರ್ಪು ಕೊಟ್ಟಿತು: ಬೋರ್ಡುಗಳು ದೊಡ್ಡದಾಗಿ ಸ್ಪಷ್ಟವಾಗಿವೆ, ಜಾಗ ಎಲ್ಲ ಗಿರಾಕಿಗಳಿಗೂ ಸಿಗುವಂತೆ ನೋಡಿಕೊಳ್ಳುವುದರಲ್ಲಿ ನ್ಯಾಯಯುತ ಹಿತಾಸಕ್ತಿ ಇದೆ, ಹಾಗಾಗಿ ಆ ಮೊತ್ತ ಅತಿಯಲ್ಲ ಎಂದು. ಮೊತ್ತ ಜಾಸ್ತಿಯಾಯಿತು ಎಂಬ ಒಂದೇ ವಾದ ಹಿಡಿದು ಹೋರಾಡುವವರಿಗೆ ಈ ತೀರ್ಪು ಅಡ್ಡ ಬರುತ್ತದೆ. ನಮ್ಮ ವಾದ ಅದಾಗಿರಲಿಲ್ಲ. ನಾವು ಮಿತಿ ಮೀರಿಯೇ ಇರಲಿಲ್ಲ.

ಪತ್ರದ ಕೊನೆಯಲ್ಲಿ ಹತ್ತು ಅಂಕಿಯ ಒಂದು ಕೋಡ್ ಇತ್ತು. ಅದು ಪೋಪ್ಲಾ ಎಂಬ ಸ್ವತಂತ್ರ ಮೇಲ್ಮನವಿ ಸಂಸ್ಥೆಯದ್ದು. ಪಾರ್ಕಿಂಗ್ ಕಂಪನಿಗಳಿಗೆ ಎರಡು ಸಂಘಗಳಿವೆ. ಬಿಪಿಎ ಸದಸ್ಯರಾದರೆ ಮುಂದಿನ ಮೇಲ್ಮನವಿ ಪೋಪ್ಲಾಗೆ, ಐಪಿಸಿ ಸದಸ್ಯರಾದರೆ ಐಎಎಸ್ ಎಂಬಲ್ಲಿಗೆ. (ಐಪಿಸಿ, ಐಎಎಸ್ ಎರಡೂ ಹೆಸರು ನಮ್ಮೂರಿನವರಿಗೆ ಬೇರೆಯದೇ ಅರ್ಥ ಕೊಡುತ್ತವೆ, ಗಮನವಿರಲಿ.) ಪೋಪ್ಲಾಗೆ ಹೋಗಲು 28 ದಿನ ಸಮಯ, ದುಡ್ಡಿಲ್ಲ. ಅಲ್ಲಿಗೆ ಹೋದರೆ 60ರ ರಿಯಾಯಿತಿ ಕೈಬಿಡುತ್ತದೆ, ಸೋತರೆ ಪೂರ್ತಿ 100. ಆದರೆ ಅವರ ನಿರ್ಣಯ ಕಂಪನಿಯನ್ನು ಕಟ್ಟಿಹಾಕುತ್ತದೆ, ನಮ್ಮನ್ನಲ್ಲ. ನಾನು ಆತುರಪಡಲಿಲ್ಲ. ದತ್ತಾಂಶ ಬರಲಿ ಎಂದು ಕಾದೆ.

ಡಿಸೆಂಬರ್ 20ಕ್ಕೆ ಆ ಇಮೇಲ್ ಬಂತು. ಎರಡು ಚಿತ್ರದ ಬದಲು ಮೂರು ಚಿತ್ರ. ಮೂರನೆಯದರಲ್ಲಿ ನಮ್ಮ ಕಾರಿನ ಮುಂಭಾಗ, ಒಳಬರುವ ಗೇಟು, ಸಮಯ 13:31. ಮುಂದಿನ ಗಾಜಿನಲ್ಲಿ ಮೋಡದ ನೆರಳು ಬಿದ್ದಿತ್ತು, ನಂಬರ್ ಮಾತ್ರ ಸ್ಪಷ್ಟವಾಗಿ ಓದಬಹುದಿತ್ತು. ಹೊರಹೋಗದೆ ಒಂದು ಕಾರು ಎರಡು ಸಲ ಒಳಗೆ ಬರುವುದು ಸಾಧ್ಯವಿಲ್ಲ. ಆ ಚಿತ್ರ ಮೊದಲ ದಿನದಿಂದಲೂ ಅವರ ಕಂಪ್ಯೂಟರಿನಲ್ಲೇ ಇತ್ತು! ವಾಹನ ನೋಂದಣಿ ನೋಡಿಕೊಳ್ಳುವ ಡಿವಿಎಲ್‌ಎಗೆ ಎರಡೂವರೆ ಪೌಂಡ್ ಕೊಟ್ಟು ನನ್ನ ಹೆಸರು, ವಿಳಾಸ ತರಿಸಿಕೊಳ್ಳುವ ಮುನ್ನ ಯಾರಾದರೂ ಒಬ್ಬರು ಅದನ್ನು ನೋಡಬೇಕಿತ್ತು. ಆ ಸಿಟ್ಟು ನನಗೆ ಇನ್ನೂ ಇದೆ.

ಪೋಪ್ಲಾಗೆ ಆ ಚಿತ್ರವನ್ನು ಮೊದಲ ಪುಟದಲ್ಲೇ ಹಾಕಿ, ಪೆಟ್ರೋಲ್ ರಸೀದಿ ಎರಡನೇ ಪುಟದಲ್ಲಿಟ್ಟು ಕಳಿಸಿದೆ. ಜೊತೆಗೆ, ಆ ಜಾಗದಲ್ಲಿ ನೋಟಿಸು ಕೊಡಲು ಜಮೀನಿನ ಮಾಲೀಕರು ಕೊಟ್ಟಿರುವ ಅಧಿಕಾರಪತ್ರ ತೋರಿಸಲಿ ಎಂದೂ ಕೇಳಿದೆ. ಜನವರಿ ನಡುವಿಗೆ ಉತ್ತರ ಬಂತು: ಕಂಪನಿ ಈ ಪ್ರಕರಣವನ್ನು ಮುಂದುವರಿಸುವುದಿಲ್ಲ, ನೋಟಿಸು ರದ್ದಾಗಿದೆ.

ಈ ಸುದ್ದಿ ನಮ್ಮ ಕನ್ನಡ ಬಳಗದಲ್ಲಿ ಹರಡಿದ್ದೇ ತಡ, ಒಬ್ಬೊಬ್ಬರೇ ಲಕೋಟೆ ಹಿಡಿದು ಬರಲು ಶುರು ಮಾಡಿದರು. ಒಬ್ಬರಿಗೆ ನೋಟಿಸಿನ ತಾರೀಖೇ ಘಟನೆಯ 19ನೇ ದಿನದ್ದು. ಕೀಪರ್ ಹೊಣೆಯಾಗುವುದಿಲ್ಲ ಎಂದು ಬರೆದೆವು, ಪೋಪ್ಲಾ ಒಪ್ಪಿತು. ಇನ್ನೊಬ್ಬ ಗೆಳತಿಯ ಅತ್ತೆ ಮೈಸೂರಿನಿಂದ ಬಂದಿದ್ದರು, ಮಂಡಿನೋವು, ಗಾಲಿಕುರ್ಚಿಯಲ್ಲೇ ಅಂಗಡಿ ಸುತ್ತಿದ್ದು. ಇಪ್ಪತ್ತೈದು ನಿಮಿಷ ಮೀರಿತ್ತು. ಅವಳಿಗೆ ಮೇಲ್ಮನವಿಗಿಂತ ಮೊದಲು ಅಂಗಡಿಗೇ ಹೋಗು ಅಂದೆ. ರಸೀದಿ ಹಿಡಿದು ಮ್ಯಾನೇಜರ್ ಹತ್ತಿರ ಹೋದಳು, ಅವರು ಅಲ್ಲೇ ಕೂತು ಇಮೇಲ್ ಬರೆದು ರದ್ದು ಮಾಡಿಸಿದರು. ನಿಜವಾಗಿ ಖರೀದಿ ಮಾಡಿದ ಗಿರಾಕಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ನನಗೂ ಮೊದಲೇ ಹೊಳೆದಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಬೋರ್ಡು ಸ್ಪಷ್ಟವಾಗಿದ್ದು, ನಿಜವಾಗಿಯೂ ಗಂಟೆಗಟ್ಟಲೆ ಮೀರಿ, ಕಾರಣವೂ ಇಲ್ಲದೆ ಬಂದವರಿಗೆ 14 ದಿನದೊಳಗೆ ಕಟ್ಟಿಬಿಡಿ ಎಂದೇ ಹೇಳಿದ್ದೇನೆ.

ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು ಸ್ಲೌನ ಗೆಳೆಯರೊಬ್ಬರ ಕತೆ. ಮನೆ ಬದಲಾಯಿಸಿದ್ದರು, ಕಾರಿನ ಲಾಗ್‌ಬುಕ್ಕಿನಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಹಳೆಯ ವಿಳಾಸವೇ ಇತ್ತು. ನೋಟಿಸು, ವಸೂಲಿ ಏಜೆನ್ಸಿಯ ಪತ್ರಗಳು, ಕೊನೆಗೆ ಕೌಂಟಿ ಕೋರ್ಟಿನ ಕ್ಲೇಮ್ ಫಾರ್ಮ್, ಎಲ್ಲವೂ ಹಳೆಯ ಬಾಗಿಲಿಗೆ ಹೋಗಿ ಬಿದ್ದವು. ವಸೂಲಿ ಏಜೆನ್ಸಿಯ ಪತ್ರಕ್ಕೆ ಹೆದರಬೇಕಿಲ್ಲ, ಅವರಿಗೆ ಮನೆಯೊಳಗೆ ನುಗ್ಗುವ ಅಧಿಕಾರವಿಲ್ಲ. ಆದರೆ ಕೋರ್ಟಿನ ಫಾರ್ಮಿಗೆ ಉತ್ತರ ಹೋಗದಿದ್ದರೆ ವಾದವೇ ಇಲ್ಲದೆ ತೀರ್ಪು ಬಂದುಬಿಡುತ್ತದೆ, ಅದನ್ನೇ ಸಿಸಿಜೆ ಎನ್ನುವುದು. ಒಂದು ತಿಂಗಳೊಳಗೆ ಪೂರ್ತಿ ಕಟ್ಟಿದರೆ ಕ್ರೆಡಿಟ್ ದಾಖಲೆಯಿಂದ ಹೋಗುತ್ತದೆ, ಇಲ್ಲದಿದ್ದರೆ ಆರು ವರ್ಷ ಉಳಿಯುತ್ತದೆ. ಆ ಗೆಳೆಯರಿಗೆ ಇದು ತಿಳಿದದ್ದು ಮನೆ ಸಾಲಕ್ಕೆ ಅರ್ಜಿ ಹಾಕಿ ಬ್ಯಾಂಕು ತಿರಸ್ಕರಿಸಿದಾಗ. ಎನ್244 ಫಾರ್ಮ್ ತುಂಬಿ, ಮುನ್ನೂರು ಪೌಂಡಿನ ಆಸುಪಾಸು ಶುಲ್ಕ ಕಟ್ಟಿ, ತೀರ್ಪು ರದ್ದು ಮಾಡಿಸಿಕೊಳ್ಳುವಷ್ಟರಲ್ಲಿ ಅವರು ಕೊಳ್ಳಬೇಕೆಂದಿದ್ದ ಮನೆ ಬೇರೆಯವರ ಪಾಲಾಗಿತ್ತು.

ಅದಕ್ಕೇ ಈಗ ಯಾರಾದರೂ ಲಕೋಟೆ ಹಿಡಿದು ಬಂದರೆ ಒಳಗಿನ ಕಾಗದ ಆಮೇಲೆ ನೋಡುತ್ತೇನೆ. ಮೊದಲು ಕೇಳುವುದು, “ಲಾಗ್‌ಬುಕ್ ಎಲ್ಲಿದೆ ತನ್ನಿ, ವಿಳಾಸ ನೋಡೋಣ.”