ಮಲೆನಾಡಿನ ಮಳೆಯಲ್ಲಿ ಹಳೇ ಪಂಪ್ ಸ್ಟವ್: ತುಕ್ಕು ಬಿಡಿಸಿದ್ದು, ಮತ್ತೆ ಬರದ ಹಾಗೆ ನೋಡಿಕೊಂಡದ್ದು

ಹಳೇ ಪಂಪ್ ಸ್ಟವ್‌ನಲ್ಲಿ ಮೊದಲು ಕೆಡೋದು ಹಿತ್ತಾಳೆ ಅಲ್ಲ, ಕಬ್ಬಿಣ. ಟ್ಯಾಂಕ್ ಎಷ್ಟೇ ಕಪ್ಪಾಗಿದ್ದರೂ ಹುಣಸೆಹಣ್ಣು ಹಾಕಿ ತಿಕ್ಕಿದರೆ ಹೊಳೆಯುತ್ತದೆ. ಕಾಲುಗಳು, ಪಾತ್ರೆ ಇಡುವ ಬಳೆ, ಬರ್ನರ್ ಮೇಲಿನ ತಟ್ಟೆ, ಸ್ಕ್ರೂಗಳು ಹಾಗಲ್ಲ. ನಮ್ಮ ಮೂಡಿಗೆರೆ ಕಡೆ ಆರಿದ್ರಾ ಮಳೆ ಹಿಡಿಯಿತೆಂದರೆ ಬೀರುವಿನೊಳಗಿನ ಬೆಲ್ಟಿಗೂ ಬೂಷ್ಟು ಬರುತ್ತದೆ. ಅಟ್ಟದ ಮೇಲಿನ ಸ್ಟವ್ ಗತಿ ಕೇಳಬೇಕಾ?

ನನ್ನ ಹತ್ತಿರ ಎರಡಿವೆ. ಒಂದು ಗುಜರಿ ಅಂಗಡಿಯಲ್ಲಿ ಸಿಕ್ಕಿದ ಮೂರು ಕಾಲಿನ ಸೀಮೆಎಣ್ಣೆ ಸ್ಟವ್. 1892ರಲ್ಲಿ ಸ್ಟಾಕ್‌ಹೋಮ್‌ನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಮಾಡಿದ ಪ್ರೈಮಸ್ ಇದೆಯಲ್ಲ, ಅದೇ ಜಾತಿ. ಇನ್ನೊಂದು ಎಸ್ಟೇಟ್ ಮನೆಯೊಂದರಿಂದ ಬಂದ ಆಪ್ಟಿಮಸ್ 8ಆರ್ ಅನ್ನೋ ಪುಟ್ಟ ಸ್ಟವ್, ಇದಕ್ಕೆ ಮಾತ್ರ ಪಂಪ್ ಇಲ್ಲ. ನೀಲಿ ಬಣ್ಣದ ಉಕ್ಕಿನ ಡಬ್ಬಿ, ಒಳಗೆ ಪುಟ್ಟ ಹಿತ್ತಾಳೆ ಟ್ಯಾಂಕ್, ಪೆಟ್ರೋಲ್ ಜಾತಿಯ ಇಂಧನ.

ಕೆಲಸಕ್ಕೆ ಕೂರುವ ಮೊದಲು ಇಂಧನ ಪೂರ್ತಿ ಖಾಲಿ ಮಾಡಿ, ಬಿಚ್ಚಲು ಬರುವುದನ್ನೆಲ್ಲ ಬಿಚ್ಚಿ, ಒಂದು ಮ್ಯಾಗ್ನೆಟ್ ಹಿಡಿದು ನೋಡುತ್ತೇನೆ. ಅಂಟಿಕೊಂಡಿದ್ದು ಒಂದು ಕಡೆ, ಅಂಟದೇ ಇದ್ದದ್ದು ಇನ್ನೊಂದು ಕಡೆ. ಇದು ಸುಮ್ನೆ ಅಲ್ಲ. ಹಿತ್ತಾಳೆ ಮತ್ತು ಉಕ್ಕನ್ನು ಒಂದೇ ಹುಳಿ ನೀರಿನಲ್ಲಿ ನೆನೆಸಿದರೆ ಹಿತ್ತಾಳೆಯಿಂದ ಬಿಟ್ಟ ತಾಮ್ರ ಹೋಗಿ ಉಕ್ಕಿನ ಮೇಲೆ ಕೆಂಪಗೆ ಕೂರುತ್ತದೆ. ಹಿತ್ತಾಳೆಯೂ ಜಾಸ್ತಿ ಹೊತ್ತು ನೆನೆದರೆ ಸತುವು ಕಳೆದುಕೊಂಡು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ತುಕ್ಕಿಗೆ ನಾನು ಹಾಕುವುದು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ದಿನಸಿ ಅಂಗಡಿಯಲ್ಲಿ ಸಿಗುವುದೇ. ಒಂದು ಲೀಟರ್ ಬಿಸಿ ನೀರಿಗೆ 50ರಿಂದ 100 ಗ್ರಾಂ ಸಾಕು. ಮೊದಲು ಸೋಪು ಹಾಕಿ ಜಿಡ್ಡು ತೆಗೆಯಬೇಕು, ಇಲ್ಲದಿದ್ದರೆ ಹುಳಿ ಒಳಗಿಳಿಯುವುದಿಲ್ಲ. ಬಳೆಯನ್ನು ಮುಳುಗಿಸಿದ ಸ್ವಲ್ಪ ಹೊತ್ತಿಗೆ ಸಣ್ಣ ಗುಳ್ಳೆಗಳು ಏಳುತ್ತವೆ, ನೀರು ಹಳದಿಗೆ ತಿರುಗುತ್ತದೆ. ಕೆಲವು ಗಂಟೆ ಬಿಟ್ಟು ತೆಗೆದು ವೈರ್ ಬ್ರಷ್‌ನಲ್ಲಿ ಉಜ್ಜಿದರೆ ಕಪ್ಪು ಮಸಿ ಕಳಚಿ ಬೂದು ಬಣ್ಣದ ಉಕ್ಕು ಕಾಣುತ್ತದೆ. ರಾತ್ರಿಯಿಡೀ ಮರೆತು ಬಿಡುವ ಕೆಲಸ ಇದಲ್ಲ. ತುಕ್ಕು ಮುಗಿದ ಮೇಲೆ ಹುಳಿ ಉಕ್ಕನ್ನೇ ತಿನ್ನುತ್ತದೆ. 8ಆರ್‌ನ ಮುಚ್ಚಳದಲ್ಲಿರುವ ಸೇಫ್ಟಿ ವಾಲ್ವಿನ ಸ್ಪ್ರಿಂಗನ್ನಂತೂ ಇದರೊಳಗೆ ಹಾಕುವುದೇ ಬೇಡ. ಗಟ್ಟಿ ಉಕ್ಕಿನ ಸ್ಪ್ರಿಂಗಿನೊಳಗೆ ಹೈಡ್ರೋಜನ್ ಸೇರಿಕೊಂಡರೆ ಅದು ಪೆಡಸಾಗಿ ಮುರಿಯಬಹುದು.

ವಾಷಿಂಗ್ ಸೋಡಾ ನೀರು, 12 ವೋಲ್ಟಿನ ಬ್ಯಾಟರಿ ಚಾರ್ಜರ್ ಇಟ್ಟುಕೊಂಡು ಕರೆಂಟಿನಿಂದ ತುಕ್ಕು ಬಿಡಿಸುವವರೂ ಇದ್ದಾರೆ. ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಪಾಸಿಟಿವ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಚಮಚ ಗಿಮಚ ಕಟ್ಟಬೇಡಿ, ವಿಷಕಾರಿ ಕ್ರೋಮಿಯಂ ನೀರಿಗೆ ಬರುತ್ತದೆ. ಸಾದಾ ಕಬ್ಬಿಣದ ತುಂಡೇ ಆಗಬೇಕು, ಜಾಗ ಬಯಲಾಗಿರಬೇಕು. ಎರಡು ಬಳೆಗೋಸ್ಕರ ಇಷ್ಟೆಲ್ಲ ಯಾಕೆ ಅಂತ ನಾನು ಆ ದಾರಿ ಹಿಡಿಯಲಿಲ್ಲ.

ನನ್ನ ಸ್ಟವ್‌ನ ಕಾಲುಗಳನ್ನು ಟ್ಯಾಂಕಿಗೆ ಸೀಸದ ಬೆಸುಗೆ ಹಾಕಿ ಕೂರಿಸಿದ್ದಾರೆ, ಬಿಚ್ಚಲು ಬರುವುದಿಲ್ಲ. ಹಾಗಾಗಿ ಹಳೇ ಪಂಚೆಯನ್ನು ಪಟ್ಟಿ ಹರಿದು, ನಿಂಬೆ ಉಪ್ಪಿನ ನೀರಲ್ಲಿ ಅದ್ದಿ, ಕಾಲಿಗೆ ಸುತ್ತಿ, ಆರದಿರಲಿ ಅಂತ ಮೇಲೆ ಪ್ಲಾಸ್ಟಿಕ್ ಕಟ್ಟಿದೆ. ಬೆಸುಗೆಗೆ, ಹಿತ್ತಾಳೆಗೆ ತಾಗದಂತೆ ಒಂದು ಬೆರಳು ಜಾಗ ಬಿಟ್ಟೆ. ಆ ಭಾಗಕ್ಕೆ ಎಮರಿ ಪೇಪರ್ರೇ ಗತಿ.

ಇಷ್ಟು ಸುಲಭದ ಪಾಲು. ನಿಜವಾದ ಕೆಲಸ ನೀರಿನಿಂದ ತೆಗೆದ ಮೇಲಿದೆ. ಬರಿಮೈ ಉಕ್ಕು ಮಳೆಗಾಲದ ಗಾಳಿಗೆ ಸಿಕ್ಕರೆ ಟವೆಲ್ ಹುಡುಕುವಷ್ಟರಲ್ಲಿ ಅರಿಶಿನದಂಥ ತೆಳು ತುಕ್ಕು ಮೇಲೇಳುತ್ತದೆ. ಅದಕ್ಕೆ ಅಡುಗೆ ಸೋಡಾ ನೀರಲ್ಲಿ ಅದ್ದಿ ಹುಳಿ ಕಳೆದು, ತೊಳೆದು, ಒರೆಸಿ, ಸೀದಾ ಬಚ್ಚಲೊಲೆಯ ಕಟ್ಟೆ ಮೇಲಿಡುತ್ತೇನೆ. ಮಳೆಗಾಲದಲ್ಲಿ ನಮ್ಮನೆಯಲ್ಲಿ ಆ ಒಲೆ ಆರುವುದೇ ಇಲ್ಲ. ಕೈಗೆ ಬಿಸಿ ತಾಗುವಷ್ಟು ಕಾದ ಮೇಲೆ ಮುಂದಿನ ಕೆಲಸ.

ಯಾವುದಕ್ಕೆ ಯಾವ ರಕ್ಷಣೆ ಅನ್ನೋದನ್ನು ಬೆಂಕಿ ನೋಡಿ ತೀರ್ಮಾನ ಮಾಡಬೇಕು. ಪೇಂಟ್ ಅಂಗಡಿಯಲ್ಲಿ ಬಿಸಿ ತಡೆಯುವ ಸೈಲೆನ್ಸರ್ ಬಣ್ಣ ಕೇಳಿದಾಗ ಹುಡುಗ, “ಬೈಕ್ ಯಾವುದು ಅಣ್ಣ?” ಅಂದ. ಸ್ಟವ್‌ಗೆ ಕಣಪ್ಪ ಅಂದರೆ ನಕ್ಕ. ಒಳ್ಳೇ ಬಣ್ಣವೇ. ಆದರೆ ಅದು ಗಟ್ಟಿಯಾಗಿ ಕೂರಬೇಕಾದರೆ ಸುಮಾರು 200 ಡಿಗ್ರಿ ಕಾಯಿಸಬೇಕು. ಸೀಸದ ಬೆಸುಗೆ ಅಷ್ಟು ಹೊತ್ತಿಗೆ ಕರಗಲು ಶುರುವಾಗಿರುತ್ತದೆ. ಆದ್ದರಿಂದ ಅದನ್ನು ಬಿಡಿಭಾಗವಾದ ಗಾಳಿ ತಡೆಗೆ ಮಾತ್ರ ಹೊಡೆದೆ. ಕಾಲುಗಳು ಅಷ್ಟೇನೂ ಕಾಯುವುದಿಲ್ಲ, ಅವಕ್ಕೆ ರೆಡ್ ಆಕ್ಸೈಡ್ ಮೇಲೆ ಸಾದಾ ಕಪ್ಪು ಎನಾಮೆಲ್.

ಪಾತ್ರೆ ಬಳೆಗೆ ಬಣ್ಣವೇ ಬೇಡ ಅನ್ನೋದು ನನ್ನ ಅಭಿಪ್ರಾಯ. ಉರಿ ನೇರವಾಗಿ ತಾಗುತ್ತದೆ, ಪಾತ್ರೆ ಉಜ್ಜುತ್ತದೆ, ಬಣ್ಣ ಚಕ್ಕೆ ಏಳುತ್ತದೆ. ದೋಸೆ ಕಾವಲಿ ಪಳಗಿಸಿದ ಹಾಗೆ ತೆಳ್ಳಗೆ ಅಡುಗೆ ಎಣ್ಣೆ ಸವರಿ, ಒರೆಸಿ, ಹೊಗೆ ಏಳುವ ತನಕ ಕಾಯಿಸಿ, ಆರಿದ ಮೇಲೆ ಮತ್ತೆ ಸವರುತ್ತೇನೆ. ಎಣ್ಣೆ ಜಾಸ್ತಿಯಾದರೆ ಅಂಟಂಟಾಗುತ್ತದೆ. ಉರಿ ತಾಗುವ ಕಡೆ ಈ ಪದರ ಸುಟ್ಟು ಹೋಗುತ್ತದೆ, ಆಗಾಗ ಮತ್ತೆ ಮಾಡಬೇಕು ಅಷ್ಟೇ. ಹಾರ್ಡ್‌ವೇರ್ ಅಂಗಡಿಯ ಸತುವಿನ ಲೇಪದ ನಟ್ಟುಗಳನ್ನು ಬರ್ನರ್ ಹತ್ತಿರ ಹಾಕಬೇಡಿ. ಕೆಂಪಗೆ ಕಾದರೆ ಅದರ ಹೊಗೆ ಒಳ್ಳೆಯದಲ್ಲ.

8ಆರ್ ಡಬ್ಬಿಯ ನೀಲಿ ಬಣ್ಣ ಕೆರೆಯಲು ಮನಸ್ಸು ಬರಲಿಲ್ಲ. ತುಕ್ಕಿನ ಚುಕ್ಕೆಗಳನ್ನಷ್ಟೇ ತೆಗೆದು ಹೊಲಿಗೆ ಮಷೀನ್ ಎಣ್ಣೆ ಒರೆಸಿದೆ. ಕೊಬ್ಬರಿ ಎಣ್ಣೆ ಇಲ್ಲಿನ ಚಳಿಗೆ ಹೆಪ್ಪುಗಟ್ಟುತ್ತದೆ, ಕೀಲುಗಳಿಗೆ ಆಗಿಬರಲ್ಲ.

ಉಕ್ಕಿನ ಟ್ಯಾಂಕ್ ಇರುವ ಸ್ಟವ್‌ಗಳೂ ಬರುತ್ತವೆ. ಒಳಗೆ ಟಾರ್ಚ್ ಬಿಟ್ಟು ನೋಡಿ. ತುಕ್ಕು ಗುಂಡಿ ಬಿದ್ದಿದ್ದರೆ ಪಂಪ್ ಒತ್ತಡಕ್ಕೆ ಅದು ತಡೆಯುತ್ತದೆ ಅಂತ ನಂಬಲಾಗದು. ಹಚ್ಚುವ ಆಸೆ ಬಿಟ್ಟು ಶೋಕೇಸಿಗೆ ಇಡಿ.

ಎತ್ತಿಡುವಾಗ ಪ್ಲಾಸ್ಟಿಕ್ ಕವರ್ ಬೇಡ, ಒಳಗೆ ಬೆವರುತ್ತದೆ. ಎಣ್ಣೆ ಸವರಿ, ಹತ್ತಿ ಬಟ್ಟೆ ಸುತ್ತಿ, ಬೆಚ್ಚಗಿನ ಜಾಗದಲ್ಲಿಡಿ. ಮತ್ತೆ ಹಚ್ಚುವಾಗ ಆ ಎಣ್ಣೆ ಉರಿದು ಚೆನ್ನಾಗಿ ಹೊಗೆ ಬರುತ್ತದೆ. ಆ ಕೆಲಸ ಅಂಗಳದಲ್ಲಿ ಮಾಡಿ.